ಮೂಕಚಿತ್ರ ‘ವಸಂತಸೇನಾ’: ಲುಪ್ತಕೃತಿಯೊಂದರ ವಿಮರ್ಶೆ

೧

ಹೆಸರು ಉಳಿದು ಕೃತಿ ಉಳಿಯದ ಕವಿಗಳು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಅನೇಕರಿದ್ದಾರೆ. ಒಂಬತ್ತನೆಯ ಶತಮಾನದ ಅಸಗನು ಅವರಲ್ಲೊಬ್ಬ. ಕನ್ನಡ ಕವಿತೆಯಲ್ಲಿ ತಾನು ಅಸಗನಿಗಿಂತ ನೂರ್ಮಡಿ ಮಿಗಿಲೆಂದು ಪೊನ್ನನು ಹೇಳಿಕೊಂಡಿರುವುದರಿಂದಲೇ ಅಸಗನ ಕೀರ್ತಿ ಎಷ್ಟಿತ್ತೆಂಬುದು ತಿಳಿಯುತ್ತದೆ. ಜಯಕೀರ್ತಿಯು ತನ್ನ ಛಂದೋಗ್ರಂಥದಲ್ಲಿ ಹೆಸರಿಸುವ ‘ಕರ್ಣಾಟಕುಮಾರಸಂಭವ’ವು ಈತನದೇ ಎಂದು ವಿದ್ವಾಂಸರು ತಿಳಿದಿದ್ದಾರೆ. ಆ ಕಾವ್ಯ ಮಾತ್ರ ನಮ್ಮ ಕೈಗೆ ಬಂದಿಲ್ಲ. ಬಂದಿರುವುದು ಆತನ ಸಂಸ್ಕೃತ ‘ವರ್ಧಮಾನಚರಿತ’. ಹೀಗಿದ್ದರೂ ಅಸಗನನ್ನು ನಮ್ಮ ಚರಿತ್ರಕಾರರು ಕೈಬಿಟ್ಟಿಲ್ಲ. ಇತರರ ಉಲ್ಲೇಖಗಳನ್ನು ಕೂಡಿಸಿ, ಉಳಿದ ಕೃತಿಯಿಂದ ಉಳಿಯದ ಕೃತಿಯ ಗುಣವನ್ನು ಎಚ್ಚರಿಕೆಯಿಂದ ಊಹಿಸಿ, ಊಹೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿದ್ದಾರೆ.

ಇದೇ ವಿಧಾನವನ್ನು ಚಲಚ್ಚಿತ್ರಕ್ಕೆ ಅನ್ವಯಿಸಲು ಸಾಧ್ಯವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಉದಾಹರಣೆಗೆ ಎತ್ತಿಕೊಂಡಿರುವುದು ಮೋಹನ ಭವನಾನಿಯವರು ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ನಿರ್ಮಿಸಿದ ‘ವಸಂತಸೇನಾ’ ಎಂಬ ಮೂಕಚಿತ್ರ. ಕೆಲವು ಸೂಚಿಗಳು ಇದರ ವರ್ಷವನ್ನು ೧೯೩೦ ಎಂದೂ ಕೆಲವು ೧೯೩೧ ಎಂದೂ ಕೊಡುತ್ತವೆ. ‘ಮೃಚ್ಛಕಟಿಕ’ ಎಂಬ ಹೆಸರಿನಿಂದಲೂ ಇದನ್ನು ಕರೆಯುವುದುಂಟು. ಏಣಾಕ್ಷಿ ರಾಮರಾವ್, ನಳಿನಿ ತರ್ಖಡ್, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಕನ್ನಡದ ಹೆಸರಾಂತ ನಾಟಕಕಾರ ಟಿ. ಪಿ. ಕೈಲಾಸಂ ಇದರಲ್ಲಿ ಅಭಿನಯಿಸಿದರು. ಚಿತ್ರದ ಪ್ರತಿ ಇಂದು ಉಳಿದಿಲ್ಲ.

ಈ ಪ್ರಶ್ನೆಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮುಂದಿಡಲು ಎರಡು ಕಾರಣಗಳಿವೆ. ಮೂಕಚಿತ್ರದ ಕಾಲದಲ್ಲಿ ಈ ಮೂರು ತಾಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮುಂಬಯಿಯೇ ಆಗಿನ ಚಿತ್ರೋದ್ಯಮದ ದೊಡ್ಡ ಕೇಂದ್ರ. ಎರಡನೆಯದಾಗಿ, ಐವತ್ತು ವರ್ಷಗಳ ತರುವಾಯ ಅದೇ ನಾಟಕವನ್ನು ಮತ್ತೆ ತೆರೆಗೆ ತಂದ ಗಿರೀಶ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಈ ಎರಡು ಸಂಗತಿಗಳಿಗೂ ಮುಂದೆ ಮರಳಿ ಬರುತ್ತೇವೆ.

೨

‘ವಸಂತಸೇನಾ’ ಕನ್ನಡಿಗರ ಮೊದಲ ಮೂಕಚಿತ್ರವೆಂದು ಹೇಳುವ ವಾಡಿಕೆಯಿದೆ. ಈ ಮಾತನ್ನು ಪರಿಶೀಲಿಸದೆ ಒಪ್ಪಬಾರದು. ಮಾತಿಲ್ಲದ ಚಿತ್ರಕ್ಕೆ ಭಾಷೆ ಯಾವುದು? ನಡುನಡುವೆ ಬರುವ ಬರಹದ ಫಲಕಗಳನ್ನು ಯಾವ ಪ್ರಾಂತಕ್ಕೆ ಬೇಕೋ ಆ ಪ್ರಾಂತದ ಲಿಪಿಯಲ್ಲಿ ಬರೆದು ಸೇರಿಸಬಹುದಾಗಿತ್ತು. ಭವನಾನಿಯವರು ಸಿಂಧ್ ಪ್ರಾಂತದವರು. ನಾಟಕ ಸಂಸ್ಕೃತ ಮತ್ತು ಪ್ರಾಕೃತಗಳದು. ಕಥೆ ನಡೆಯುವುದು ಉಜ್ಜಯಿನಿಯಲ್ಲಿ. ಹೀಗಿರುವಾಗ ‘ಕನ್ನಡ ಮೂಕಚಿತ್ರ’ವೆಂಬ ಮಾತು ಭಾಷೆಯನ್ನು ಕುರಿತದ್ದಲ್ಲ, ಅದರಲ್ಲಿ ಪಾಲುಗೊಂಡ ಜನರನ್ನು ಕುರಿತದ್ದು. ಆ ಅರ್ಥದಲ್ಲಿ ಇದಕ್ಕೆ ಸಂಗಾತಿಗಳೂ ಇದ್ದವು. ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಆ ವರ್ಷಗಳಲ್ಲೇ ಬೆಂಗಳೂರಿನಲ್ಲಿ ಚಿತ್ರಗಳನ್ನು ತೆಗೆಯುತ್ತಿತ್ತು. ಗುಬ್ಬಿ ವೀರಣ್ಣನವರು ಪಾಲುಗೊಂಡ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ೧೯೩೨ರಲ್ಲಿ ‘ಹರಿಮಾಯ’ವನ್ನು ಹೊರತಂದಿತು. ಇವಾವುವೂ ಇಂದು ನೋಡಲು ದೊರೆಯುವುದಿಲ್ಲ. ೧೯೩೪ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಪಂಪನಿಗೆ ಹಿಂದಿನದೆಲ್ಲ ಬರಿಯ ಹೆಸರಾಗಿದ್ದರೆ ನಮ್ಮ ಸಾಹಿತ್ಯಚರಿತ್ರೆ ಹೇಗಿರುತ್ತಿತ್ತೋ ಕನ್ನಡ ಚಿತ್ರಚರಿತ್ರೆಯ ಆರಂಭದ ಅಧ್ಯಾಯ ಹಾಗಿದೆ.

ಇಂಥ ಸಂದರ್ಭದಲ್ಲಿ ವಿಮರ್ಶಕನು ಎರಡು ಬಗೆಯಲ್ಲಿ ದಾರಿ ತಪ್ಪಬಹುದು. ಕಾಣದ ಚಿತ್ರವನ್ನು ಕಂಡವರಂತೆ ಹೊಗಳುವುದು ಒಂದು. ಕೈಲಾಸಂ, ಕಮಲಾದೇವಿ ಎಂಬ ದೊಡ್ಡ ಹೆಸರುಗಳು ಈ ಹೊಗಳಿಕೆಗೆ ಸುಲಭವಾದ ಆಧಾರವಾಗುತ್ತವೆ. ಚಿತ್ರವಿಲ್ಲದ ಮೇಲೆ ಮಾತೇನು ಎಂದು ಸುಮ್ಮನಾಗುವುದು ಇನ್ನೊಂದು. ಇವೆರಡರ ನಡುವೆ ಒಂದು ಕಿರುದಾರಿಯಿದೆ. ಚಿತ್ರಕ್ಕೆ ಮೂಲವಾದ ನಾಟಕ ನಮ್ಮಲ್ಲಿದೆ. ಅದರ ನಟಿಯೊಬ್ಬರ ಅಭಿನಯ ಬೇರೊಂದು ಚಿತ್ರದಲ್ಲಿ ಉಳಿದಿದೆ. ಅದೇ ಕಥೆಯ ಮುಂದಿನ ಚಿತ್ರರೂಪಗಳಿವೆ. ಈ ಮೂರು ಸಾಕ್ಷಿಗಳನ್ನು ಕ್ರಮವಾಗಿ ನೋಡೋಣ.

೩

ಮೊದಲನೆಯದು ನಾಟಕ. ಹತ್ತು ಅಂಕಗಳ ಈ ಪ್ರಕರಣದಲ್ಲಿ ಮೂಕಚಿತ್ರಕ್ಕೆ ಒಗ್ಗುವ ಭಾಗಗಳೂ ಒಗ್ಗದ ಭಾಗಗಳೂ ಸ್ಪಷ್ಟವಾಗಿ ಬೇರೆಬೇರೆಯಾಗಿವೆ. ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನವಿಕ್ಕುವ ದೃಶ್ಯವನ್ನು ತೆಗೆದುಕೊಳ್ಳಬಹುದು. ಅಳತೆಯ ದಾರವನ್ನು ಮರೆತುಬಂದ ಆತ ಜನಿವಾರದಿಂದ ಗೋಡೆಯನ್ನು ಅಳೆಯುತ್ತಾನೆ. ಕನ್ನದ ಆಕಾರ ಚೆಲುವಾಗಿರಬೇಕೆಂದು ಯೋಚಿಸುತ್ತಾನೆ. ಆ ಕೈಯ ಕೆಲಸವೇ ಇಲ್ಲಿ ನಾಟಕ. ಮಾತಿನ ನೆರವಿಲ್ಲದೆಯೂ ಇದರ ಹಾಸ್ಯ ಕಣ್ಣಿಗೆ ಕಾಣಬಲ್ಲುದು. ಆರನೆಯ ಅಂಕದ ಬಂಡಿಗಳ ಅದಲುಬದಲಂತೂ ಚಿತ್ರಕ್ಕೆಂದೇ ಹುಟ್ಟಿದಂತಿದೆ. ವಸಂತಸೇನೆ ತಿಳಿಯದೆ ಶಕಾರನ ಬಂಡಿಯೇರುತ್ತಾಳೆ. ಸೆರೆಮನೆಯಿಂದ ತಪ್ಪಿಸಿಕೊಂಡ ಆರ್ಯಕನು ಚಾರುದತ್ತನ ಬಂಡಿಯೇರುತ್ತಾನೆ. ರಂಗದ ಮೇಲೆ ಇದು ಒಂದರ ಹಿಂದೊಂದಾಗಿ ಬರಬೇಕು. ಚಿತ್ರದಲ್ಲಾದರೆ ಎರಡು ದಾರಿಗಳನ್ನು ಸರದಿಯಂತೆ ತೋರಿಸಿ, ಪಾತ್ರಗಳಿಗೆ ತಿಳಿಯದ ಅಪಾಯವನ್ನು ನೋಡುವವರಿಗೆ ಮೊದಲೇ ತಿಳಿಸಬಹುದು.

ಮೊದಲನೆಯ ಅಂಕದ ಸಮಸ್ಯೆ ಇನ್ನೂ ಸ್ವಾರಸ್ಯವಾದುದು. ಕತ್ತಲೆಯ ಬೀದಿಯಲ್ಲಿ ಶಕಾರನೂ ವಿಟನೂ ವಸಂತಸೇನೆಯ ಬೆನ್ನಟ್ಟುತ್ತಾರೆ. ಆಕೆಯನ್ನು ಬಯಲುಮಾಡುವುದು ಹೂಮಾಲೆಯ ಕಂಪು ಮತ್ತು ಕಾಲ್ಗೆಜ್ಜೆಯ ಸದ್ದು. ವಿಟನ ಸೂಚನೆಯರಿತು ಆಕೆ ಎರಡನ್ನೂ ಕಳಚುತ್ತಾಳೆ. ರಂಗದಲ್ಲಿ ಕತ್ತಲೆಯೆಂಬುದು ಪ್ರೇಕ್ಷಕರು ಮಾತಿನಿಂದ ಕಲ್ಪಿಸಿಕೊಳ್ಳುವ ವಸ್ತು. ಮೂಕಚಿತ್ರದಲ್ಲಿ ಕಂಪೂ ಇಲ್ಲ, ಸದ್ದೂ ಇಲ್ಲ. ಕತ್ತಲೆಯನ್ನು ಬೆಳಕಿನಿಂದಲೇ ಕಾಣಿಸಬೇಕು. ಆಗ ಗೆಜ್ಜೆ ಬಿಚ್ಚುವ ಕೈಗಳಷ್ಟೇ ಸದ್ದಿನ ಅರ್ಥವನ್ನೂ ಹೊರಬೇಕಾಗುತ್ತದೆ. ಭವನಾನಿಯವರ ಕಲೆಯ ನಿಜವಾದ ಪರೀಕ್ಷೆ ಇಂಥ ಎಡೆಯಲ್ಲಿತ್ತು.

ಒಗ್ಗದ ಭಾಗಗಳಲ್ಲಿ ಮುಖ್ಯವಾದುದು ಶಕಾರನ ಮಾತು. ಸಕಾರವನ್ನೆಲ್ಲ ಶಕಾರವಾಗಿ ಉಚ್ಚರಿಸುವುದರಿಂದಲೇ ಆತನಿಗೆ ಆ ಹೆಸರು. ಪುರಾಣದ ಹೆಸರುಗಳನ್ನು ಅಡ್ಡಾದಿಡ್ಡಿಯಾಗಿ ಬೆರೆಸಿ ತನ್ನ ಪಾಂಡಿತ್ಯವನ್ನು ಮೆರೆಸುವ ಆತನ ಹಾಸ್ಯವೂ ಕ್ರೌರ್ಯವೂ ಒಂದೇ ನಾಲಿಗೆಯಿಂದ ಹೊರಡುತ್ತವೆ. ನಾಲಿಗೆಯನ್ನು ತೆಗೆದರೆ ಉಳಿಯುವುದು ಬರಿಯ ದುಷ್ಟ; ಅಂಥವನು ಎಲ್ಲ ಕಥೆಗಳಲ್ಲೂ ಸಿಕ್ಕುತ್ತಾನೆ. ಈ ಪಾತ್ರವನ್ನು ಕೈಲಾಸಂ ವಹಿಸಿದರೆಂಬ ಹೇಳಿಕೆಯಿದೆ. ಅದು ನಿಜವಾದರೆ ಒಂದು ವೈಚಿತ್ರ್ಯವನ್ನು ಗಮನಿಸಬೇಕು: ಕನ್ನಡ ರಂಗಭೂಮಿಗೆ ಆಡುಮಾತಿನ ಹೊಸ ಜೀವವನ್ನು ತಂದ ನಾಟಕಕಾರನು, ಸಂಸ್ಕೃತ ರಂಗಭೂಮಿಯ ಅತ್ಯಂತ ಮಾತುಗಾರ ಖಳನನ್ನು, ಮಾತೇ ಇಲ್ಲದ ಮಾಧ್ಯಮದಲ್ಲಿ ಅಭಿನಯಿಸಿದನು. ಮೈಯಿಂದ, ಹುಬ್ಬಿನಿಂದ, ನಡಿಗೆಯಿಂದ ಆತ ಆ ‘ಶ’ಕಾರವನ್ನು ಹೇಗೆ ತೋರಿಸಿರಬಹುದೆಂಬ ಪ್ರಶ್ನೆಯೇ ಈ ಚಿತ್ರದ ನಷ್ಟವನ್ನು ಅಳೆಯುವ ಸರಿಯಾದ ಅಳತೆಗೋಲು.

ಇನ್ನೊಂದು ಪ್ರಶ್ನೆ ರಾಜಕೀಯದ್ದು. ಮೃಚ್ಛಕಟಿಕದ ಕೊನೆಯಲ್ಲಿ ದುಷ್ಟನಾದ ರಾಜ ಪಾಲಕನು ಅಳಿದು ದನಗಾಹಿಯ ಮನೆಯಲ್ಲಿ ಬೆಳೆದ ಆರ್ಯಕನು ಪಟ್ಟವೇರುತ್ತಾನೆ. ಸಂಸ್ಕೃತ ನಾಟಕಗಳಲ್ಲಿ ಇಂಥ ರಾಜ್ಯಕ್ರಾಂತಿ ವಿರಳ. ಚಿತ್ರ ಸಿದ್ಧವಾದ ದಿನಗಳೋ ಉಪ್ಪಿನ ಸತ್ಯಾಗ್ರಹದ ದಿನಗಳು. ೧೯೩೦ರಲ್ಲಿ ಕಮಲಾದೇವಿಯವರೇ ಮುಂಬಯಿಯಲ್ಲಿ ಸತ್ಯಾಗ್ರಹಕ್ಕಿಳಿದು ಸೆರೆಯಾದರು. ಸಿದ್ದಾಪುರ, ಶಿರಸಿ ಭಾಗಗಳ ರೈತರು ಕರನಿರಾಕರಣೆ ಮಾಡಿ ಭೂಮಿಕಾಣಿ ಕಳೆದುಕೊಂಡದ್ದೂ ಆ ವರ್ಷಗಳಲ್ಲೇ. ೧೯೨೦ರಿಂದ ಮುಂಬಯಿಯಲ್ಲಿ ಚಿತ್ರಪರೀಕ್ಷಕ ಮಂಡಲಿಯೊಂದು ಕೆಲಸಮಾಡುತ್ತಿತ್ತು. ಅರಸನನ್ನು ಇಳಿಸುವ ಕಥೆಯನ್ನು ಅಂಥ ಕಾಲದಲ್ಲಿ ಎಷ್ಟರಮಟ್ಟಿಗೆ ಉಳಿಸಿಕೊಂಡರೆಂಬುದನ್ನು ಚಿತ್ರವಿದ್ದಿದ್ದರೆ ಒಂದು ಗಂಟೆಯಲ್ಲಿ ತಿಳಿಯಬಹುದಾಗಿತ್ತು. ಚಿತ್ರವಿಲ್ಲವಾದುದರಿಂದ ಆಡಳಿತದ ಕಡತಗಳಲ್ಲಿ ಹುಡುಕಬೇಕಾಗಿದೆ.

೪

ಎರಡನೆಯ ಸಾಕ್ಷಿ ಏಣಾಕ್ಷಿ ರಾಮರಾವ್ ಅವರ ಅಭಿನಯ. ‘ವಸಂತಸೇನಾ’ಕ್ಕೆ ಮುಂಚೆ, ೧೯೨೮ರಲ್ಲಿ, ಹಿಮಾಂಶು ರಾಯ್ ನಿರ್ಮಿಸಿ ಜರ್ಮನಿಯ ಫ್ರಾಂಜ್ ಓಸ್ಟೆನ್ ನಿರ್ದೇಶಿಸಿದ ‘ಶಿರಾಜ್’ ಚಿತ್ರದಲ್ಲಿ ಅವರು ನಾಯಿಕೆಯಾಗಿದ್ದರು. ಈ ಚಿತ್ರ ಉಳಿದಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಭಂಡಾರವು ಇದನ್ನು ಜೀರ್ಣೋದ್ಧಾರ ಮಾಡಿ, ಅನೂಷ್ಕಾ ಶಂಕರ್ ಅವರ ಹೊಸ ಸಂಗೀತದೊಡನೆ ೨೦೧೭ರಲ್ಲಿ ಲಂಡನ್ನಿನಲ್ಲಿಯೂ ತರುವಾಯ ಭಾರತದಲ್ಲಿಯೂ ಪ್ರದರ್ಶಿಸಿತು.

‘ಶಿರಾಜ್’ದಲ್ಲಿ ಏಣಾಕ್ಷಿಯವರದು ಸೆಲೀಮಾ ಎಂಬ ಪಾತ್ರ. ರಾಜವಂಶದಲ್ಲಿ ಹುಟ್ಟಿ, ಕುಂಬಾರನ ಮನೆಯಲ್ಲಿ ಬೆಳೆದು, ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿ, ರಾಜಕುಮಾರ ಖುರ್ರಮನ ಅರಮನೆಗೆ ಮಾರಾಟವಾಗಿ, ಕೊನೆಗೆ ಮುಮ್ತಾಜಳಾಗುವ ಹೆಣ್ಣು ಆಕೆ. ಅವಳ ಎದುರಾಳಿ ಡಾಲಿಯಾಳ ಪಾತ್ರದಲ್ಲಿ ಸೀತಾದೇವಿ ಕಣ್ಣು, ಕೈ, ತುಟಿಗಳನ್ನೆಲ್ಲ ದುಡಿಸುತ್ತಾರೆ. ಏಣಾಕ್ಷಿಯವರ ದಾರಿ ಬೇರೆ. ಅವರು ಹೆಚ್ಚಾಗಿ ಸುಮ್ಮನೆ ನಿಲ್ಲುತ್ತಾರೆ. ಎದುರಿಗಿರುವವನು ಮಾತಾಡಿ ಮುಗಿಸುವವರೆಗೆ ಕಾಯುತ್ತಾರೆ. ಆಮೇಲೆ ಮುಖ ತಿರುಗಿಸುತ್ತಾರೆ. ನಿರಾಕರಣೆಗೆ ಅಷ್ಟೇ ಸಾಕಾಗುತ್ತದೆ. ಮಾರಾಟಕ್ಕೊಳಗಾದರೂ ಮನಸ್ಸನ್ನು ಮಾರಿಕೊಳ್ಳದ ಹೆಣ್ಣಿನ ಗಾಂಭೀರ್ಯ ಈ ಮಿತವಾದ ಅಭಿನಯದಿಂದ ಹುಟ್ಟುತ್ತದೆ.

ವಸಂತಸೇನೆಯ ಪಾತ್ರಕ್ಕೆ ಬೇಕಾದುದೂ ಇದೇ ಗುಣವಲ್ಲವೇ? ಶಕಾರನು ಒಡವೆಗಳೊಡನೆ ಕಳುಹಿಸಿದ ಬಂಡಿಯನ್ನು ಆಕೆ ಹಿಂದಕ್ಕೆ ಕಳುಹಿಸುತ್ತಾಳೆ. ದಾಸಿ ಮದನಿಕೆಯನ್ನು ಬಿಡುಗಡೆ ಮಾಡುತ್ತಾಳೆ. ಬೆಲೆಗೆ ಸಿಕ್ಕುವವಳೆಂದು ಲೋಕ ತಿಳಿದಿರುವ ಹೆಣ್ಣು ಬೆಲೆಯನ್ನೇ ತಳ್ಳಿಹಾಕುವುದು ಈ ಪಾತ್ರದ ತಿರುಳು. ‘ಶಿರಾಜ್’ವನ್ನು ನೋಡಿದವರು, ಭವನಾನಿಯವರು ಈ ನಟಿಯನ್ನು ಆರಿಸಿಕೊಂಡದ್ದು ಸಹಜವೆಂದು ಒಪ್ಪಬಹುದು. ಇದಕ್ಕಿಂತ ಹೆಚ್ಚು ಹೇಳುವುದು ಸಲ್ಲದು. ನಿರ್ದೇಶಕ ಬೇರೆ, ಛಾಯಾಗ್ರಾಹಕ ಬೇರೆ, ಕಥೆಯ ಗತಿ ಬೇರೆ. ‘ವರ್ಧಮಾನಚರಿತ’ವನ್ನು ಓದಿ ‘ಕರ್ಣಾಟಕುಮಾರಸಂಭವ’ದ ಪದ್ಯಗಳನ್ನು ಬರೆಯಲು ಯಾರೂ ಹೊರಡುವುದಿಲ್ಲ.

೫

ಮೂರನೆಯ ಸಾಕ್ಷಿಯನ್ನು ಹಿಂದುಮುಂದಾಗಿ ಓದಬೇಕು. ೧೯೪೧ರಲ್ಲಿ ಕನ್ನಡ ವಾಕ್ಚಿತ್ರವಾಗಿ ‘ವಸಂತಸೇನಾ’ ಮತ್ತೆ ಬಂದಿತು, ಅದರಲ್ಲಿ ಎಂ. ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ಲಕ್ಷ್ಮೀಬಾಯಿಯವರು ಅಭಿನಯಿಸಿದರು. ಕಳೆದುಹೋಗಿದ್ದ ನಾಲಿಗೆ ಮರಳಿ ದೊರೆತದ್ದು ಕನ್ನಡದ ವೃತ್ತಿರಂಗಭೂಮಿಯಿಂದ ಬಂದ ಈ ನಟರ ಮೂಲಕ. ೧೯೮೪ರಲ್ಲಿ ಕಾರ್ನಾಡರು ಶಶಿ ಕಪೂರರಿಗಾಗಿ ಹಿಂದಿಯಲ್ಲಿ ‘ಉತ್ಸವ’ವನ್ನು ನಿರ್ದೇಶಿಸಿದರು. ವಸಂತಸೇನೆ ರೇಖಾ, ಚಾರುದತ್ತ ಶೇಖರ್ ಸುಮನ್, ಶಕಾರನ ಸ್ಥಾನದಲ್ಲಿ ಶಶಿ ಕಪೂರ್. ಕಳ್ಳನಾಗಿ ಇದೇ ಜಿಲ್ಲೆಯ ಹೊನ್ನಾವರ ಕಡೆಯ ಶಂಕರ್ ನಾಗ್.

ವಿದ್ಯುದ್ದೀಪವಿಲ್ಲದ ಶಿರಸಿಯಲ್ಲಿ ಯಕ್ಷಗಾನವನ್ನೂ ಊರಿಂದೂರಿಗೆ ತಿರುಗುವ ನಾಟಕ ಕಂಪನಿಗಳನ್ನೂ ನೋಡಿ ಬೆಳೆದವರು ಕಾರ್ನಾಡರು. ‘ಉತ್ಸವ’ದಲ್ಲಿ ಅವರು ವಾತ್ಸ್ಯಾಯನನನ್ನೇ ಒಂದು ಪಾತ್ರವಾಗಿ ತಂದು ಕಥೆಗೆ ನಿರೂಪಕನನ್ನು ಒದಗಿಸಿದರು. ಆಟಕ್ಕೆ ಒಬ್ಬ ಸೂತ್ರಧಾರ ಬೇಕೆಂಬ ಈ ಬುದ್ಧಿ ಭಾಗವತನ ಪದ ಕೇಳಿ ಬೆಳೆದವರಿಗೆ ಅಪರಿಚಿತವಲ್ಲ. ನಾಟಕದ ಮಾತನ್ನು, ಹಾಸ್ಯವನ್ನು, ಬೀದಿಯ ಗದ್ದಲವನ್ನು ಆ ಚಿತ್ರ ಮರಳಿ ಪಡೆಯಿತು. ಆದರೆ ಹಿಂದಿನ ಮೂಕಚಿತ್ರ ಕಣ್ಣೆದುರಿಗಿಲ್ಲದ ಕಾರಣ, ಕಾರ್ನಾಡರು ಯಾವ ಪರಂಪರೆಯನ್ನು ಮುಂದುವರಿಸಿದರು, ಯಾವುದನ್ನು ಮುರಿದರು ಎಂದು ತೂಗಿ ಹೇಳುವಂತಿಲ್ಲ. ಒಂದು ಕೃತಿ ನಷ್ಟವಾದರೆ ಅದರ ತರುವಾಯದ ಕೃತಿಗಳ ವಿಮರ್ಶೆಯೂ ಅರೆಯಾಗುತ್ತದೆ. ಸಂರಕ್ಷಣೆಯು ವಿಮರ್ಶೆಯ ಹೊರಗಿನ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೬

ಮೂಕಚಿತ್ರಗಳು ಏಕೆ ಉಳಿಯಲಿಲ್ಲ? ಅವನ್ನು ಮುದ್ರಿಸುತ್ತಿದ್ದುದು ನೈಟ್ರೇಟ್ ಪಟ್ಟಿಯ ಮೇಲೆ. ಅದಕ್ಕೆ ಬೆಂಕಿ ಹತ್ತಿದರೆ ನೀರಿನೊಳಗೂ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಬೆಂಕಿ ತಗಲದಿದ್ದರೂ ಅದು ತಾನಾಗಿ ಕೊಳೆಯುತ್ತದೆ. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಸುರುಳಿ ಅಂಟಂಟಾಗುತ್ತದೆ, ನೊರೆಯೇಳುತ್ತದೆ, ಕೊನೆಗೆ ಕಂದುಪುಡಿಯಾಗುತ್ತದೆ. ಸೆಕೆಯೂ ತೇವವೂ ಈ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ೧೯೩೧ರ ಮಾರ್ಚಿನಲ್ಲಿ ‘ಆಲಂ ಆರಾ’ ಮಾತಾಡಿದೊಡನೆ ಮೂಕಚಿತ್ರದ ಮಾರುಕಟ್ಟೆ ಮುಗಿಯತೊಡಗಿತು. ಹಳೆಯ ಸುರುಳಿಗಳಿಗೆ ಉಳಿದ ಬೆಲೆಯೆಂದರೆ ಅವುಗಳ ಲೇಪದಲ್ಲಿದ್ದ ಬೆಳ್ಳಿ. ಬೆಳ್ಳಿಗಾಗಿ ಚಿತ್ರಗಳನ್ನು ಕರಗಿಸಿದರು. ಚಿನ್ನದ ಬಂಡಿ ಬೇಕೆಂದು ಅತ್ತ ರೋಹಸೇನನ ಮಣ್ಣಿನ ಬಂಡಿಯನ್ನು ವಸಂತಸೇನೆ ಒಡವೆಗಳಿಂದ ತುಂಬಿದಳು. ಇಲ್ಲಿ ನಡೆದದ್ದು ಅದರ ವಿಪರ್ಯಾಸ.

ಭಾರತದಲ್ಲಿ ತಯಾರಾದ ಮೂಕಚಿತ್ರಗಳು ಸಾವಿರಕ್ಕೂ ಮಿಕ್ಕಿ. ಇಡಿಯಾಗಿಯೋ ತುಣುಕಾಗಿಯೋ ಉಳಿದವು ಕೆಲವೇ ಹತ್ತು. ಉಳಿದವುಗಳ ಹಿಂದೆ ಒಬ್ಬ ವ್ಯಕ್ತಿಯ ದುಡಿಮೆ ದೊಡ್ಡದು. ೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರ ಸ್ಥಾಪಿತವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಪಿ. ಕೆ. ನಾಯರ್. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಹೊರಬಂದದ್ದೂ ಅದೇ ವರ್ಷ. ಇದು ಕಾಕತಾಳೀಯವಾದರೂ ಎರಡು ಕೆಲಸಗಳ ಸ್ವರೂಪ ಒಂದೇ. ಫಾಳ್ಕೆಯವರ ‘ಕಾಲಿಯ ಮರ್ದನ’ (೧೯೧೯) ದೊರೆತಾಗ ಅದು ಬಿಡಿಬಿಡಿ ತುಣುಕುಗಳಾಗಿತ್ತು. ಫಾಳ್ಕೆಯವರ ಟಿಪ್ಪಣಿಪುಸ್ತಕದ ನೆರವಿನಿಂದ ನಾಯರ್ ಅವರು ದೃಶ್ಯಗಳ ಕ್ರಮವನ್ನು ನಿರ್ಣಯಿಸಿ ಜೋಡಿಸಿದರು. ಗರಿಗಳು ಹಿಂದುಮುಂದಾದ ತಾಳೆಯೋಲೆಯ ಕಟ್ಟನ್ನು ಸರಿಪಡಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಏನೂ ಭೇದವಿಲ್ಲ.

‘ಮಾರ್ತಾಂಡವರ್ಮ’ನ ಕಥೆ ಇನ್ನೂ ವಿಚಿತ್ರ. ಸಿ. ವಿ. ರಾಮನ್ ಪಿಳ್ಳೆಯವರ ಕಾದಂಬರಿಯನ್ನು ಆಧರಿಸಿದ ಈ ಮೂಕಚಿತ್ರ ೧೯೩೩ರಲ್ಲಿ ತಿರುವನಂತಪುರದಲ್ಲಿ ತೆರೆಕಂಡಿತು. ಕಾದಂಬರಿಯ ಹಕ್ಕನ್ನು ಪಡೆದಿದ್ದ ಪ್ರಕಾಶಕರು ನ್ಯಾಯಾಲಯಕ್ಕೆ ಹೋದರು. ಪ್ರದರ್ಶನ ನಿಂತು ಪ್ರತಿ ಜಪ್ತಿಯಾಯಿತು. ನಿರ್ಮಾಪಕರಿಗೆ ಅದು ನಷ್ಟವೇ. ಆದರೆ ಓಡಿಸಿ ಸವೆಸಲು ಅವಕಾಶವಿಲ್ಲದೆ ಮೂಲೆ ಸೇರಿದ ಆ ಪ್ರತಿಯೇ ಉಳಿದು, ೧೯೭೪ರಲ್ಲಿ ಪುಣೆಯ ಭಂಡಾರವನ್ನು ಸೇರಿತು. ಎಲ್ಲಿ ಏನು ಉಳಿದೀತೆಂದು ಮೊದಲೇ ಹೇಳಬರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಭಂಡಾರಕ್ಕೆ ಸೇರಿದ ಮಾತ್ರಕ್ಕೆ ಭಯ ತೀರಿತೆಂದೂ ಅಲ್ಲ. ೨೦೦೩ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ನೂರಾರು ಚಿತ್ರಗಳ ಸುರುಳಿಗಳು ಸುಟ್ಟುಹೋದವು. ೨೦೨೨ರಲ್ಲಿ ಭಂಡಾರವನ್ನು ರಾಷ್ಟ್ರೀಯ ಚಲಚ್ಚಿತ್ರಾಭಿವೃದ್ಧಿ ನಿಗಮದೊಡನೆ ವಿಲೀನಗೊಳಿಸಲಾಯಿತು. ಸಂಸ್ಥೆಗಳ ಹೆಸರು, ಅಧೀನ ಬದಲಾಗುತ್ತಿರುತ್ತವೆ. ಕೊಳೆಯುವ ಪಟ್ಟಿ ಯಾವ ಆಜ್ಞೆಗೂ ಕಾಯುವುದಿಲ್ಲ.

೭

ಈಗ ಘಟ್ಟದ ಮೇಲಿನ ಮೂರು ತಾಲೂಕುಗಳಿಗೆ ಮರಳೋಣ. ಇಲ್ಲಿನ ಮಳೆ ಮತ್ತು ತೇವ ಕಾಗದಕ್ಕೂ ಪಟ್ಟಿಗೂ ಹಗೆ. ಆದರೂ ಹಳೆಯದನ್ನು ಕಾಪಾಡುವ ಬುದ್ಧಿ ಇಲ್ಲಿಯ ಜನಕ್ಕೆ ಹೊಸದಲ್ಲ. ಸೋದೆಯ ಮಠಗಳಲ್ಲಿ, ತೋಟಿಗರ ಮನೆಗಳ ಅಟ್ಟಗಳಲ್ಲಿ ತಾಳೆಯೋಲೆಯ ಕಟ್ಟುಗಳೂ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳೂ ತಲೆಮಾರುಗಳನ್ನು ದಾಟಿ ಬಂದಿವೆ. ಸಿದ್ದಾಪುರದ ಗಡಿಯಾಚೆ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಮೂಲಕ ಚಿತ್ರರಸಗ್ರಹಣ ಶಿಬಿರಗಳನ್ನು ನಡೆಸಿದಾಗ ನಾಯರ್ ಅವರು ಪುಣೆಯಿಂದ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಲ್ಲಿಗೆ ತಲಪಿಸಿದರು. ಅಡಕೆ ಬೆಳೆಗಾರರು ಕುರೊಸಾವಾನ ಚಿತ್ರಗಳನ್ನು ನೋಡಿ ಚರ್ಚಿಸಿದ ಊರು ಅದು. ಭಂಡಾರವೆಂಬುದು ದೂರದ ನಗರದ ಸೊತ್ತಲ್ಲವೆಂಬ ಪಾಠವನ್ನು ಈ ಸೀಮೆ ಆಗಲೇ ಕಲಿತಿದೆ.

ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸವನ್ನು ಇಲ್ಲಿ ಸೂಚಿಸಬಹುದು. ಸುರುಳಿಯೇ ಸಿಕ್ಕೀತೆಂಬ ಆಸೆ ದೂರದ್ದು. ಅದರ ಸುತ್ತಲಿನ ಕಾಗದ ಸಿಕ್ಕುವ ಸಂಭವ ಹೆಚ್ಚು: ಜಾಹೀರಾತಿನ ಕರಪತ್ರ, ಕಥಾಸಾರದ ಪುಸ್ತಿಕೆ, ನಟನಟಿಯರ ಚಿತ್ರಪಟ, ಹಳೆಯ ವೃತ್ತಪತ್ರಿಕೆಯ ಕತ್ತರಿಕೆ, ದಿನಚರಿಯ ಒಂದು ಸಾಲು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬಿಡಾರ ಹೂಡುತ್ತಿದ್ದುದು ಹಿರಿಯರ ನೆನಪಿನಲ್ಲಿದೆ. ಡೇರೆಯ ಸಿನೆಮಾ ಕುರಿತು ತಂದೆತಾಯಿಗಳಿಂದ ಕೇಳಿದ್ದನ್ನು ಹೇಳಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಒಬ್ಬೊಬ್ಬ ವಿದ್ಯಾರ್ಥಿ ತನ್ನ ಮನೆಯ ಅಟ್ಟವನ್ನೂ ನೆರೆಮನೆಯ ಹಿರಿಯರನ್ನೂ ವಿಚಾರಿಸಿ, ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದವರ ಹೆಸರು ಮತ್ತು ದಿನಾಂಕದೊಡನೆ ಬರೆದಿಟ್ಟರೆ ಅದೇ ಒಂದು ಆಕರವಾಗುತ್ತದೆ.

ಒಂದು ವೇಳೆ ಹಳೆಯ ತಗಡಿನ ಡಬ್ಬಿಯಲ್ಲಿ ಸುರುಳಿಯೇ ದೊರೆತರೆ ಉತ್ಸಾಹಕ್ಕಿಂತ ಎಚ್ಚರ ಮುಖ್ಯ. ಅದನ್ನು ಯಂತ್ರಕ್ಕೇರಿಸಿ ಓಡಿಸಬಾರದು. ಚೂರು ಕತ್ತರಿಸಿ ಸುಟ್ಟು ಪರೀಕ್ಷಿಸಬಾರದು. ಒಲೆಯ ಮೇಲಣ ಅಟ್ಟದಲ್ಲಿ ಇಡಬಾರದು. ಪಟ್ಟಿಯ ಅಂಚಿನಲ್ಲಿ ‘ನೈಟ್ರೇಟ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುವುದುಂಟು. ತಂಪಾದ, ಗಾಳಿಯಾಡುವ, ಜನವಾಸದಿಂದ ದೂರವಾದ ಎಡೆಯಲ್ಲಿಟ್ಟು, ಡಬ್ಬಿಯ ಮೇಲಿನ ಬರಹವನ್ನು ನಕಲುಮಾಡಿಕೊಂಡು, ಪುಣೆಯ ಭಂಡಾರಕ್ಕೆ ತಿಳಿಸಬೇಕು. ಬಸ್ಸಿನಲ್ಲೋ ಅಂಚೆಯಲ್ಲೋ ತಾವೇ ಕಳುಹಿಸುವುದು ಅಪಾಯಕರ.

‘ವಸಂತಸೇನಾ’ ಒಳ್ಳೆಯ ಚಿತ್ರವೋ ಅಲ್ಲವೋ ಎಂಬ ಪ್ರಶ್ನೆಗೆ ಈ ಲೇಖನ ಉತ್ತರ ಕೊಟ್ಟಿಲ್ಲ. ಕೊಡುವ ಅಧಿಕಾರ ನೋಡದವರಿಗಿಲ್ಲ. ಆದರೆ ಅದನ್ನು ಯಾವ ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂಬುದು ಈಗ ಸ್ಪಷ್ಟವಾಗಿದೆ: ಕತ್ತಲೆಯ ಬೀದಿ ಹೇಗೆ ಕಂಡಿತು, ಶಕಾರನ ನಾಲಿಗೆಯ ಕೆಲಸ ಮೈಗೆ ಹೇಗೆ ಬಂತು, ಆರ್ಯಕನ ಕಥೆ ಉಳಿಯಿತೇ. ಕರಪತ್ರವೊಂದರಲ್ಲಿ ಕಥಾಸಾರ ಸಿಕ್ಕರೆ ಕೊನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಚಿತ್ರಪಟವೊಂದು ಸಿಕ್ಕರೆ ಎರಡನೆಯದಕ್ಕೆ ಅರ್ಧ ಉತ್ತರ. ಅಸಗನ ಕಾವ್ಯವನ್ನು ನಮ್ಮ ಹಿರಿಯರು ಇನ್ನೂ ಹುಡುಕುವುದನ್ನು ಬಿಟ್ಟಿಲ್ಲ. ಸಾವಿರ ವರ್ಷ ಹಿಂದಿನ ಕೃತಿಗೆ ತೋರುವ ಈ ನಿಷ್ಠೆಯಲ್ಲಿ ಒಂದು ಪಾಲನ್ನಾದರೂ ನೂರು ವರ್ಷವೂ ತುಂಬದ ಕೃತಿಗೆ ತೋರುವುದು ನ್ಯಾಯ.